ಹೊಟ್ಟೆಯೊಳಗಿನ ಅಗಸಿ

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಬೆಂಚಿನ ಮೇಲೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ಮುಖವನ್ನು ನೋಡಿ ನೋಡಿ, ಕಡೆಗೆ ತಡೆಯಲಾರದೆ ಕೈಚೀಲದಿಂದ ಬಿಸ್ಕಿಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ತಿನ್ನವಾ, ನಿನ್ನ ಮಾರಿ ನೋಡಿದ್ರ ಕರುಳ ಚುರ್ರ್ ಅಂತೈತಿ" ಅಂದರು. ಯಾರ ಮನೆಯ ಅಜ್ಜಿಯೋ ಏನೋ, ಅವರ ಕಾಯಿಲೆ ಏನಿತ್ತೋ, ಕೇಳುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಕೈಯಲ್ಲಿದ್ದ ಚಹಾದಲ್ಲಿ ಅದ್ದಿ ತಿಂದೆ. ಆ ಬಿಸ್ಕಿಟ್ಟೇ ನನಗೆ ಆಗದ ವಸ್ತುವೆಂದು ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಕಾಯಿಲೆಯ ಉದ್ದಕ್ಕೂ ಹೀಗೇ ಆಯಿತು. ಯಾರೇನು ಕೊಟ್ಟರೂ ಪ್ರೀತಿಯಿಂದಲೇ ಕೊಟ್ಟರು.

ನಾನು ಗಿರಿಜಾ, ಗಜೇಂದ್ರಗಡದ ನೇಕಾರರ ಮನೆಯ ಸೊಸೆ. ತವರು ಚಿಕ್ಕನರಗುಂದ. ನನ್ನನ್ನು ಹೆತ್ತವಳು ನಾನು ಸಣ್ಣವಳಿದ್ದಾಗಲೇ ಹೋದಳು. ಊಟಕ್ಕೆ ಕೂತಾಗ "ಇನ್ನೊಂದು ಹಾಕಲೇನ?" ಎಂದು ಕೇಳುವವರೊಬ್ಬರು ನನಗೆ ಸಿಕ್ಕಿದ್ದು ಈ ಮನೆಗೆ ಬಂದ ಮೇಲೆ. ನನ್ನ ಅತ್ತೆ ಶಾಂತವ್ವ ಮಾತಿನಲ್ಲಿ ಖಾರ, ಕೈಯಲ್ಲಿ ಬೆಣ್ಣೆ. ಬೈಯುತ್ತಲೇ ಬಡಿಸುವವರು. ಬೇಡ ಅಂದರೆ ಒಂದು ರೊಟ್ಟಿ, ಸಾಕು ಅಂದರೆ ಎರಡು. ಅತ್ತೆ-ಸೊಸೆ ಜಗಳದ ಕಥೆ ಹೇಳಲು ಓಣಿಯ ಹೆಂಗಸರು ಕೂತರೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅದೊಂದು ಸಣ್ಣ ಸಂಕಟವೇ ಆಗಿತ್ತು.

ಕಾಯಿಲೆ ಬಂದದ್ದು ಯಾವಾಗ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಒಂದು ಬೇಸಿಗೆಯಲ್ಲಿ ಹೊಟ್ಟೆ ಉಬ್ಬರಿಸತೊಡಗಿತು. ಆಮೇಲೆ ಭೇದಿ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಬಾಯಲ್ಲಿ ಹುಣ್ಣು, ಬಾಚಿದರೆ ಕೈತುಂಬ ಕೂದಲು. ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಜಾರಿ ಬರುತ್ತಿದ್ದವು. ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ. ರಾಟಿ ತಿರುಗಿಸುತ್ತ ತಿರುಗಿಸುತ್ತ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿಬಿಡುತ್ತಿದ್ದೆ. ಕುಣಿಮಗ್ಗದಲ್ಲಿ ಕೂತ ನನ್ನ ಗಂಡ ಮಲ್ಲೇಶ, ಕಂಡಿಕೆ ಬರಲಿಲ್ಲವಲ್ಲ ಎಂದು ಇಣುಕಿ ನೋಡಿ, ಎಬ್ಬಿಸದೆ ತಾವೇ ಬಂದು ಸುತ್ತಿಕೊಂಡು ಹೋಗುತ್ತಿದ್ದರು.

ಓಣಿಯವರು ಮೊದಲು ಬಸುರಿ ಇರಬೇಕೆಂದರು. ಅಲ್ಲವೆಂದು ಗೊತ್ತಾದ ಮೇಲೆ ದೃಷ್ಟಿಯೆಂದರು. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಅದು ಚಟಪಟ ಅಂದಿತು, ನಾವೆಲ್ಲ ಕೆಮ್ಮಿದೆವು, ಭೇದಿ ಮಾತ್ರ ನಿಲ್ಲಲಿಲ್ಲ.

"ರೊಟ್ಟಿ ಬಂದ್ ಮಾಡು ಯವ್ವಾ" ಅಂದರು ಅತ್ತೆ. "ಜ್ವಾಳ ಹೊಟ್ಟಿಗೆ ಗಟ್ಟಿ ಆಗತೈತಿ. ಹಗರ ಇದ್ದದ್ದು ತಿನ್ನು, ನಾ ಮಾಡಿ ಹಾಕ್ತೀನಿ."

ನಮ್ಮ ಕಡೆ ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೆಂದರೆ ಮೊದಲು ಆಗುವ ಕೆಲಸ ರೊಟ್ಟಿ ನಿಲ್ಲಿಸುವುದು. ಜೋಳದ ರೊಟ್ಟಿ ದುಡಿಯುವವರ ಊಟ. ರೋಗಿಗೆ ಸಜ್ಜಕ. ಗೋಧಿ ನುಚ್ಚನ್ನು ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಮೇಲೆ ಹಾಲು, ಹಾಲಿನ ಮೇಲೆ ತುಪ್ಪ. ಬಾಣಂತಿಗೂ ಅದೇ, ಜ್ವರ ಬಿಟ್ಟವರಿಗೂ ಅದೇ, ಹಲ್ಲು ಬಿದ್ದವರಿಗೂ ಅದೇ. ಅದೂ ನನ್ನ ತವರಿನ ಹೊಲದ ಗೋಧಿ, ಅಪ್ಪ ವರ್ಷಕ್ಕೊಮ್ಮೆ ತಂದು ಇಳಿಸುತ್ತಿದ್ದದ್ದು. ಅತ್ತೆ ಬಟ್ಟಲು ಹಿಡಿದು ಎದುರಿಗೆ ಕೂತು, ನನಗೆ ಚಮಚ ಎತ್ತುವ ಶಕ್ತಿಯಿಲ್ಲದ ದಿನ ತಮ್ಮ ಕೈಯಿಂದಲೇ ಉಣಿಸುತ್ತಿದ್ದರು. ಪ್ರತಿ ಬಾರಿ ಒಂದೇ ಮಾತು ಕೇಳುತ್ತಿದ್ದರು: "ಹಸಿವಿ ಆತೇನ?" ನನಗೆ ಹಸಿವೆ ಅನ್ನುವುದೇ ಮರೆತುಹೋಗಿತ್ತು. ಆದರೂ ಆ ಮುಖದ ಎದುರು ಇಲ್ಲವೆನ್ನಲು ಬಾಯಿ ಬರದೆ ಬಾಯಿ ತೆರೆಯುತ್ತಿದ್ದೆ.

ಸಜ್ಜಕ ಹೆಚ್ಚಿದಂತೆ ನಾನು ಕರಗುತ್ತ ಹೋದೆ. ನಾನು ಕರಗಿದಂತೆ ಸಜ್ಜಕ ಇನ್ನೂ ಹೆಚ್ಚಿತು.

ಆ ತಿಂಗಳುಗಳು ನೆನಪಿನಲ್ಲಿ ಕನಸಿನ ಹಾಗೆಯೇ ಉಳಿದಿವೆ. ರಕ್ತ ಕಡಿಮೆಯಾದವರಿಗೆ ಹೀಗಾಗುತ್ತದಂತೆ. ಹಗಲಿನಲ್ಲೇ ಎಚ್ಚರ ಯಾವುದು ನಿದ್ದೆ ಯಾವುದು ತಿಳಿಯುತ್ತಿರಲಿಲ್ಲ. ಪಡಸಾಲೆಯಲ್ಲಿ ಮಲಗಿರುತ್ತಿದ್ದೆ. ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದು ನೀರಿನ ಅಡಿಯಿಂದ ಬಂದಂತೆ ಕೇಳುತ್ತಿತ್ತು. ಕಿಟಕಿಯಲ್ಲಿ ಕಾಣುವ ಕೋಟೆಯ ಗುಡ್ಡ ಮಧ್ಯಾಹ್ನದ ಬಿಸಿಲಿನಲ್ಲಿ ಮೆಲ್ಲಗೆ ಜಾರಿ ನಮ್ಮ ಹಿತ್ತಲಿಗೆ ಬಂದು ನಿಲ್ಲುತ್ತಿತ್ತು. ನನಗೆ ಅದರಿಂದ ಆಶ್ಚರ್ಯವೂ ಆಗುತ್ತಿರಲಿಲ್ಲ. ಬಂತೇನಪ್ಪ, ಕೂಡು, ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಸಾಯುತ್ತಿದ್ದೇನೆ ಎಂಬ ಭಯವೂ ಒಂದು ಬಗೆಯ ಜೋಂಪಿನಂತೆ ಹತ್ತಿರ ಬಂದು ಕೂತಿರುತ್ತಿತ್ತು. ಗಂಡ ಕಂಡಿಕೆ ಸುತ್ತುತ್ತ ತೋಳಿನಿಂದ ಕಣ್ಣೊರೆಸಿಕೊಂಡಿದ್ದನ್ನು ಒಮ್ಮೆ ಅರೆಗಣ್ಣಿನಲ್ಲಿ ನೋಡಿದೆ. ಅಂದು ಮಾತ್ರ ಪೂರ್ತಿ ಎಚ್ಚರವಾಯಿತು.

ಮರುದಿನವೇ ಹುಬ್ಬಳ್ಳಿಗೆ ಹೊರಟೆವು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ನನ್ನನ್ನು ಕೂರಿಸಿದರು. ರೋಣ ಬಂತು, ಹೋಯಿತು. ಎರೆಹೊಲಗಳು ಒಂದಾದ ಮೇಲೊಂದು ತಿರುಗಿದವು. ನರಗುಂದದ ಗುಡ್ಡ ಕಂಡಾಗ ನಮ್ಮೂರಿನದೇ ಗುಡ್ಡ ಬಸ್ಸಿನ ಹಿಂದೆ ಬಂದಿದೆ ಅನಿಸಿತು. ತವರಿನ ಕಡೆ ತಿರುಗುವ ದಾರಿಯಲ್ಲಿ ಯಾರಾದರೂ ಗುರುತಿನವರು ಹತ್ತಿ ಈ ಅವತಾರ ನೋಡಿ ಅಪ್ಪನಿಗೆ ಹೇಳಿಯಾರು ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ.

ಬಿಸ್ಕಿಟ್ ಅಜ್ಜಿಯನ್ನು ಬಿಟ್ಟು ಒಳಗೆ ಹೋದಾಗ ಡಾಕ್ಟರಮ್ಮ ತಲೆ ಎತ್ತದೆಯೇ ಕೇಳಿದರು, "ಏನ್ ಉಣ್ತೀರಿ?"

"ಉಣ್ಣೂದ ಬಿಟ್ಟೀನ್ರಿ. ರೊಟ್ಟಿ ಬಾಯಾಗಿಟ್ಟು ಎಷ್ಟ ದಿನಾ ಆತೋ."

ಈ ಉತ್ತರವನ್ನು ನಾನು ಅಷ್ಟರಲ್ಲಿ ನಮ್ಮೂರಿನ ಅನೇಕ ಡಾಕ್ಟರರಿಗೆ ಕೊಟ್ಟಿದ್ದೆ. ಅವರೆಲ್ಲ ತಲೆಯಾಡಿಸಿ ಶಕ್ತಿಯ ಗುಳಿಗೆ ಬರೆದಿದ್ದರು. ಇವರು ಪೆನ್ನು ಕೆಳಗಿಟ್ಟರು.

"ಉಣ್ಣೂದ ಬಿಟ್ಟಿದ್ರ ಇಷ್ಟ ದೂರ ಬಂದು ಕುಂತು ಮಾತಾಡ್ತಿದ್ದಿಲ್ಲ ನೀವು. ಹೊಟ್ಟಿಗೆ ಏನ್ ಹೋಗ್ತೈತಿ, ಅದನ್ನ ಹೇಳ್ರಿ."

ಗಂಡ ಹೇಳಿದರು, "ಏನಿಲ್ರಿ ಮೇಡಂ. ಬರೇ ಸಜ್ಜಕ. ನಡುವ ಒಂದೀಟು ಬ್ರೆಡ್ಡು, ಚಾದಾಗ ಟೋಸ್ಟು."

"ಅಂದ್ರ ಮೂರೂ ಹೊತ್ತು ಗೋಧಿ."

"ಗೋಧಿ ಎಲ್ಲೀದ್ರಿ? ನಾವು ರೊಟ್ಟಿ ಮಂದಿ. ಚಪಾತಿ ಹಬ್ಬಕ್ಕಷ್ಟ."

ಡಾಕ್ಟರಮ್ಮ ನಕ್ಕರು. "ನಾನೂ ರೋಣದ ಮಗಳರಿ. ಸಜ್ಜಕ ಊಟದಾಗ ಬರೂದಿಲ್ಲ ಅನ್ನೂದು ನನಗೂ ಗೊತ್ತೈತಿ."

ಖರೇ ಮಾತು. ನಮಗೆ ಊಟವೆಂದರೆ ರೊಟ್ಟಿ. ಉಳಿದದ್ದೆಲ್ಲ ಹೊಟ್ಟೆಗೆ ಹೋದರೂ ಉಂಡಂತಲ್ಲ. ಉಂಡಿಲ್ಲವೆಂದು ಹೇಳಿಕೊಳ್ಳುತ್ತಲೇ ನಾನು ದಿನಕ್ಕೆ ಬಟ್ಟಲುಗಟ್ಟಲೆ ಗೋಧಿ ತಿನ್ನುತ್ತಿದ್ದೆ.

ರಕ್ತ ತೆಗೆದರು. ಇನ್ನೊಂದು ದಿನ ಬರಿಹೊಟ್ಟೆಯಲ್ಲಿ ಕರೆಸಿ, ಗಂಟಲಿಗೆ ಕಹಿ ಔಷಧ ಸಿಂಪಡಿಸಿ, ಬಾಯಿಯೊಳಗಿಂದ ಕ್ಯಾಮರಾ ಇಳಿಸಿದರು. ಎಷ್ಟು ಹೆದರಿದ್ದೆನೆಂದರೆ ಮಲಗಿದ ಮೇಲೆ ಎದ್ದು ಕೂತುಬಿಟ್ಟೆ. ಅಲ್ಲಿದ್ದ ನರ್ಸ್ ನನ್ನ ಬಳೆಗಳನ್ನು ಒಂದೊಂದಾಗಿ ಹಿಂದೆ ಸರಿಸಿ ಮಣಿಕಟ್ಟು ಹಿಡಿದು ನಿಂತಳು. ಏನೂ ಆಗುವುದಿಲ್ಲ ಎಂದು ಹೇಳಲಿಲ್ಲ. "ಓಕರಿಕಿ ಬರತೈತಿ, ಆಮ್ಯಾಲೆ ಹೋಗತೈತಿ" ಅಂದಳು. ಹಾಗೆಯೇ ಆಯಿತು. ಹೇಳಿದಂತೆ ಆಗುವುದು ಎಷ್ಟು ದೊಡ್ಡ ಸಮಾಧಾನ ಎಂದು ಅಂದು ತಿಳಿಯಿತು.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ ಆಗದ ಕಾಯಿಲೆ. ಒಳಗೆ ಕರುಳಿನ ಪದರ ಕೆಟ್ಟಿದೆ ಅಂದಾಗ ನನಗೆ ನಮ್ಮ ಮಗ್ಗವೇ ಕಣ್ಣ ಮುಂದೆ ಬಂತು.

"ಹರದೈತೇನ್ರಿ ಒಳಗ? ಬಟ್ಟಿ ಹರದಂಗ?" ಅಂದೆ.

"ಅದು ಬಟ್ಟಿ ಅಲ್ಲರಿ. ಬಟ್ಟಿ ನೇಯ್ದ ಮ್ಯಾಲೆ ಹ್ಯಾಂಗ ಇಟ್ಟೀರಿ ಹಂಗ ಇರತೈತಿ. ಇದು ಅಗಸಿ ಇದ್ದಂಗ. ಊರ ಅಗಸಿ ಬಾಗಲಾ ನೋಡೀರಲ್ಲ? ಬೇಕಾದವರು ಬಂದ್ರ ತೆರಿತೈತಿ, ಬ್ಯಾಡಾದವರು ಬಂದ್ರ ಮುಚ್ಚತೈತಿ. ಕರುಳಿನ ಗ್ವಾಡಿ ತುಂಬ ಇಂಥಾ ಸಣ್ಣ ಸಣ್ಣ ಅಗಸಿ ಅದಾವು. ಯಾವಾಗ ಎಷ್ಟು ತೆರೀಬೇಕು ಅಂತ ಅವಕ್ಕ ಗೊತ್ತಿರತೈತಿ. ನಿಮ್ಮ ಹೊಟ್ಟಿಯೊಳಗ ಗೋಧಿ ಬಂದು ಬಾಗಲಾ ಕಾಯೋರಿಗೆ ತಗದ ಇಡ್ರಿ ಅಂತ ಹೇಳಿ ಒಳಗ ಹೊಕ್ಕತೈತಿ. ಅದು ಹೊಕ್ಕಿದ್ದು ನೋಡಿ ಒಳಗಿನವರು ಬಡಿಗಿ ತಗೊಂಡು ಬರ್ತಾರ, ತಮ್ಮ ಗ್ವಾಡಿನ ತಾವ ಬಡಕೋತಾರ."

"ಮುಚ್ಚಾಕ ಔಷಧ?"

"ಔಷಧಿಲ್ಲರಿ. ಗೋಧಿ ಬರೂದು ನಿಂತ್ರ ಅದು ತಾನ ಮುಚ್ಚತೈತಿ. ರೊಟ್ಟಿ ಉಣ್ರಿ. ಜ್ವಾಳದಂಥಾ ಚಲೋ ವಸ್ತು ನಿಮಗಿಲ್ಲ. ಗೋಧಿ ಮಾತ್ರ ಒಂದ ಚಿಟಿಕಿನೂ ಬ್ಯಾಡ, ಜೀವಾ ಇರೂತನಾ."

ರಕ್ತ ಹೆಚ್ಚಲು ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದು ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಕ್ಯಾನ್ಸರ್ ಅಲ್ಲ, ಸಾಯುವುದಿಲ್ಲ. ಕುಣಿಯಬೇಕಾಗಿತ್ತು. ಆದರೆ ಇಬ್ಬರ ತಲೆಯಲ್ಲೂ ಇದ್ದದ್ದು ಒಂದೇ ಮಾತು, ಅತ್ತೆಗೆ ಹೇಳುವುದು ಹೇಗೆ?

"ಅವ್ವಗ ನೀ ಹೇಳು" ಅಂದರು ಗಂಡ ಬಸ್ಸಿನಲ್ಲಿ.

"ನಿಮ್ಮವ್ವ. ನೀವ ಹೇಳ್ರಿ."

ರೋಣ ದಾಟುವವರೆಗೂ ಇದೇ ನಡೆಯಿತು. ಮನೆಗೆ ಬಂದರೆ ಹೊಸ್ತಿಲಲ್ಲೇ ಏಲಕ್ಕಿ, ತುಪ್ಪದ ವಾಸನೆ. ದಣಿದು ಬಂದ ಸೊಸೆಗೆಂದು ಸಜ್ಜಕ ಸಿದ್ಧವಾಗಿತ್ತು. ಗಂಡ ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ನೋಡುವವರಂತೆ ನೋಡುತ್ತ ನಿಂತುಬಿಟ್ಟರು. ನಾನೇ ಹೇಳಬೇಕಾಯಿತು.

"ಅತ್ತಿ, ಇದನ್ನ ನಾ ಉಣಬಾರದಂತ್ರಿ."

"ಯಾಕ, ಬೆಲ್ಲ ಹೆಚ್ಚಾತೇನು?"

"ಬೆಲ್ಲ ಅಲ್ರಿ. ಗೋಧಿ. ಗೋಧಿನ ನನಗ ಆಗಿಬರೂದಿಲ್ಲಂತ."

ಅತ್ತೆ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ಇಷ್ಟ ದಿನಾ ನಾ ಹಾಕಿದ್ದು..." ಅಂದರು. ಸೌಟನ್ನು ಮೆಲ್ಲಗೆ ಒಲೆಯ ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಹೋದರು.

ಅಂದಿನಿಂದ ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಕಸ ಹೊಡೆದರು, ಬಟ್ಟೆ ಒಗೆದರು, ನನ್ನ ಕಂಡಿಕೆಗಳನ್ನೂ ಸುತ್ತಿದರು. ಆದರೆ ನನ್ನ ತಾಟು ಮುಟ್ಟಲಿಲ್ಲ. "ನಿಮ್ಮದೇನೂ ತಪ್ಪಿಲ್ರಿ ಅತ್ತಿ" ಎಂದು ನಾನು ಎಷ್ಟು ಸಲ ಹೇಳಿದೆನೋ. ಅವರಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಪಕ್ಕದ ಮನೆಯವರು ಸೊಸೆಗೆ ಏನಾಗಿದೆಯೆಂದು ಕೇಳಿದರೆ, "ನನ್ನ ಕೈಯ್ಯಾಗಿಂದು ಆಕಿಗೆ ಹತ್ತಲಿಲ್ಲರಿ" ಎಂದಷ್ಟೇ ಹೇಳಿ ಒಳಗೆ ಬರುತ್ತಿದ್ದರು. "ಹಸಿವಿ ಆತೇನ?" ಎಂಬ ಮಾತು ಮನೆಯಲ್ಲಿ ನಿಂತುಹೋಯಿತು. ಕಾಯಿಲೆಗಿಂತ ಅದು ನನ್ನನ್ನು ಹೆಚ್ಚು ಹಿಂಡಿತು. ಒಬ್ಬ ತಾಯಿಯನ್ನು ಸಣ್ಣವಳಿದ್ದಾಗ ಕಳೆದುಕೊಂಡಿದ್ದೆ, ಇನ್ನೊಬ್ಬರನ್ನು ಒಂದು ಬಟ್ಟಲು ಸಜ್ಜಕದಲ್ಲಿ ಕಳೆದುಕೊಳ್ಳುತ್ತಿದ್ದೇನೆ ಅನಿಸುತ್ತಿತ್ತು.

ರೊಟ್ಟಿಯನ್ನು ಗಂಡ ಬಡಿದರು. ದುಂಡಗೆ ಬಿಟ್ಟು ಬೇರೆಲ್ಲ ಆಕಾರದಲ್ಲೂ ಬಂತು. ಹಂಚಿಗೆ ಹಾಕುವಾಗ ಅರ್ಧ ಕೈಗೆ ಅಂಟಿಕೊಳ್ಳುತ್ತಿತ್ತು. "ನೇಯೂದು ಹಗರ ಬಿಡು ಇದರ ಮುಂದ" ಅನ್ನುತ್ತಿದ್ದರು. ತಿನ್ನುತ್ತಿದ್ದೆ. ಗೋಧಿ, ಮೈದಾ, ರವೆ ಎಲ್ಲ ಮನೆಯಿಂದ ಹೊರಗೆ ಹೋದವು. ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ತಿಳಿದು ಅದೂ ಹೋಯಿತು. ಭೇದಿ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರಮ್ಮ ರಕ್ತದ ವರದಿ ನೋಡಿ, "ಎಲ್ಲೋ ಇನ್ನೂ ಗೋಧಿ ಹೊಗಾಕತ್ತೈತಿ, ಹುಡಕ್ರಿ" ಅಂದರು.

ಎಲ್ಲಿ ಹುಡುಕುವುದು? ಮನೆಯಲ್ಲಿ ಗೋಧಿಯ ಕಾಳೂ ಇರಲಿಲ್ಲ. ನಿರಾಸೆಯಿಂದ ಮತ್ತೆ ಪಡಸಾಲೆಯ ಚಾಪೆ ಹಿಡಿದೆ. ಒಂದು ಮಧ್ಯಾಹ್ನ ಜೋಂಪಿನಲ್ಲಿ ನನ್ನೊಳಗೆ ನಾನೇ ನಡೆದು ಹೋದೆ. ದೊಡ್ಡ ಅಗಸಿ ಇತ್ತು, ಕಲ್ಲಿನ ಕಮಾನು. ಎರಡೂ ಕದ ತೆರೆದು ಬಿದ್ದಿದ್ದವು. ಕಟ್ಟೆಯ ಮೇಲೆ ಕಾವಲುಗಾರ ಕೂತಿದ್ದ. ಯಾಕಪ್ಪ ಮುಚ್ಚಿಲ್ಲ ಎಂದು ಕೇಳಬೇಕು, ಅಷ್ಟರಲ್ಲಿ ಬುಟ್ಟಿ ಹೊತ್ತು ಅತ್ತೆ ಬಂದರು. ಕಾವಲುಗಾರ ಎದ್ದು ನಿಂತು ಕೈಮುಗಿದು ದಾರಿ ಬಿಟ್ಟ. ಬಿಡದೆ ಏನು ಮಾಡಿಯಾನು ಪಾಪ? ನಮ್ಮ ಅತ್ತೆ ಬುಟ್ಟಿ ತುಂಬ ಊಟ ಹೊತ್ತು ಬಂದರೆ ತಡೆಯುವ ಗಂಡಸು ಗಜೇಂದ್ರಗಡದಲ್ಲಿ ಹುಟ್ಟಿಲ್ಲ. ಕನಸಿನಲ್ಲೇ ನನಗೆ ನಗು ಬಂತು. ಎಚ್ಚರವಾದಾಗ ಕಣ್ಣಲ್ಲಿ ನೀರಿತ್ತು.

ಎದ್ದು ನೋಡಿದರೆ ಅತ್ತೆ ಮನೆಯಲ್ಲಿರಲಿಲ್ಲ. ಹಿಟ್ಟು ಮುಗಿದಿತ್ತು. ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿದ್ದರು. ತಿರುಗಿ ಬಂದವರ ಮುಖ ಬೇರೆಯೇ ಆಗಿತ್ತು. ಡಬ್ಬಿಯನ್ನು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಉದ್ದ ಮಾತು ಆಡಿದರು.

"ನನ್ನ ಮುಂದ ಒಬ್ಬಾಕಿ ಗೋಧಿ ಹಾಕಿಸಿದ್ಲು. ಆಕಿದು ಮುಗೀತು, ನನ್ನ ಜ್ವಾಳ ಸುರುವಿದ್ರು. ಮದಲ ಬಿದ್ದ ಹಿಟ್ಟು ಕೆಂಪಗ ಇತ್ತು. ಬಿಳಿಜ್ವಾಳದ ಹಿಟ್ಟು ಕೆಂಪ ಹ್ಯಾಂಗ ಬರತೈತಿ? ಗಿರಣಿ ಹುಸೇನಸಾಬನ್ನ ಕೇಳಿದೆ. ಶಾಂತವ್ವ, ಹಿಂದಿನವರದು ಒಂದ ಹಿಡಿ ನಿಮಗ, ನಿಮ್ಮದೊಂದ ಹಿಡಿ ಮುಂದಿನವರಿಗೆ, ಇದು ಮದಲಿಂದ ನಡದಿದ್ದಲ್ಲೇನು ಅಂದ."

ನಿಜವೇ. ಗಿರಣಿಯಲ್ಲಿ ಒಬ್ಬರ ಹಿಡಿ ಹಿಟ್ಟು ಇನ್ನೊಬ್ಬರ ಮನೆಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಯಾರೂ ಜಗಳವಾಡಿದ್ದಿಲ್ಲ. ಹುಟ್ಟಿದಾಗಿನಿಂದ ಆ ಗಿರಣಿಯ ಮುಂದೆ ಸರದಿ ನಿಂತವರು ನಾವು, ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಗಂಡ ಬಡಿದ ಒಂದೊಂದು ರೊಟ್ಟಿಯಲ್ಲೂ ಊರವರ ಗೋಧಿ ಚೂರು ಚೂರು ಇತ್ತು.

ಅತ್ತೆ ಆ ಹಿಟ್ಟನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿ ಬಂದರು. ಆಮೇಲೆ ಹಿತ್ತಲಿಗೆ ಹೋಗಿ ಮಗನನ್ನು ಕರೆದರು. ಅಲ್ಲಿ ನೀರಿನ ಹಂಡೆಯ ಕೆಳಗೆ, ಅತ್ತೆಯ ಅತ್ತೆಯ ಕಾಲದ ಬೀಸುಕಲ್ಲು ಬಿದ್ದಿತ್ತು. ಹಂಡೆ ಅಲ್ಲಾಡದಿರಲಿ ಎಂದು ಇಟ್ಟದ್ದು, ಅದು ಬೀಸುಕಲ್ಲೆಂಬುದನ್ನೇ ಮರೆತಿದ್ದೆವು. ತಾಯಿ ಮಗ ಸೇರಿ ಎಳೆದು ತಂದರು. ಅದರಲ್ಲೂ ಹಿಂದೆ ಗೋಧಿ ಬೀಸಿದ್ದುಂಟಲ್ಲ ಎಂದು ಅತ್ತೆ ತೆಂಗಿನ ನಾರಿನಿಂದ ತಿಕ್ಕಿ, ಬಿಸಿನೀರು ಸುರಿದು, ಬಿಸಿಲಿಗೆ ಒಣಗಿಸಿದರು. ಸವೆದು ನುಣುಪಾಗಿದ್ದ ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹೊಡೆಸಿದರು. ಹೊಸ ಗೂಟ ಬಡಿಸಿದರು. ನಮ್ಮ ಓಣಿಯಲ್ಲಿ ಎಲ್ಲರೂ ಬಂದು ನೋಡಿ ಹೋದರು, ಹೊಸ ಮೋಟರ್‌ಸೈಕಲ್ ತಂದವರ ಮನೆಗೆ ಬರುವ ಹಾಗೆ.

ಬೆಳಿಗ್ಗೆ ಮಗ್ಗಕ್ಕಿಂತ ಮೊದಲು ಬೀಸುಕಲ್ಲಿನ ಸದ್ದು ಕೇಳತೊಡಗಿತು. ನಾನು ಎಚ್ಚರವಾಗಿಯೂ ಏಳದೆ ಮಲಗಿ ಕೇಳುತ್ತಿದ್ದೆ. ಗರಗರ ತಿರುಗುವುದು, ನಡುವೆ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಲು ನಿಲ್ಲುವುದು, ಮತ್ತೆ ತಿರುಗುವುದು. ಅತ್ತೆ ಬೀಸಿಕೊಟ್ಟರು, ಆದರೆ ರೊಟ್ಟಿ ಬಡಿಯಲಿಲ್ಲ. ಅದು ಮಾತ್ರ ಗಂಡನ ಕೈಯಲ್ಲೇ ಉಳಿಯಿತು. ನಾನೂ ಒತ್ತಾಯ ಮಾಡಲಿಲ್ಲ. ಒಳಗಿನ ಅಗಸಿ ಎಳೆದರೆ ಮುಚ್ಚುವುದಿಲ್ಲ, ತಾನೇ ಮುಚ್ಚಬೇಕು ಎಂದಿದ್ದರಲ್ಲ ಡಾಕ್ಟರಮ್ಮ. ಅತ್ತೆಯ ಮನಸ್ಸೂ ತಾನೇ ತೆರೆಯಲಿ ಎಂದು ಕಾದೆ.

ಭೇದಿ ನಿಂತಿತು. ಬಾಯಿಯ ಹುಣ್ಣು ಮಾಯವಾಯಿತು. ಕೋಟೆಯ ಗುಡ್ಡ ತನ್ನ ಜಾಗ ಬಿಟ್ಟು ಕದಲುವುದನ್ನು ನಿಲ್ಲಿಸಿತು. ಇದೆಲ್ಲ ಒಂದು ವಾರದ ಮಾತಲ್ಲ, ಮುಂಗಾರು ಕಳೆದು ಹಿಂಗಾರಿ ಜೋಳ ಬಿತ್ತುವವರೆಗೆ ಹಿಡಿಯಿತು. ಈ ಕಾಯಿಲೆಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವಸರ ಮಾಡಬೇಡಿ. ಮದುವೆಗಳಲ್ಲಿ ಹುಗ್ಗಿ ಹೋಳಿಗೆ ಮುಂದೆ ಬಂದಾಗ ಈಗಲೂ ನನಗೆ ಅಳು ಬರುತ್ತದೆ. ಒಂದು ತುತ್ತಿಗೆ ಏನಾಗುತ್ತದೆ ಅನ್ನುವವರು ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ನಕ್ಕು ಕೈ ಅಡ್ಡ ಹಿಡಿಯುತ್ತೇನೆ.

ಒಂದು ಬೆಳಿಗ್ಗೆ ಬೀಸುಕಲ್ಲಿನ ಸದ್ದಿಗೆ ಎಚ್ಚರವಾಯಿತು. ಎಂದಿನಂತೆ ಮಲಗಿ ಕೇಳುತ್ತಿದ್ದೆ. ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಮತ್ತೆ ನೋವು ಶುರುವಾಯಿತೇ ಎಂದು ಹೆದರಿ ಕೈಯಿಟ್ಟುಕೊಂಡೆ. ನೋವಲ್ಲ. ಒಳಗೆ ಯಾರೋ ಮೆಲ್ಲಗೆ ಜಗ್ಗಿದ ಹಾಗೆ, ಖಾಲಿ ಖಾಲಿ. ಅದೇನೆಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಎದ್ದು ಬರಿಗಾಲಲ್ಲಿ ಹೋಗಿ ಅತ್ತೆಯ ಹಿಂದೆ ನಿಂತೆ.

"ಅತ್ತಿ, ನನಗ ಹಸಿವಿ ಆಗೈತ್ರಿ."

ಕಲ್ಲು ನಿಂತಿತು. ಅತ್ತೆ ತಿರುಗಲಿಲ್ಲ. ಗೂಟ ಹಿಡಿದ ಕೈ ಹಾಗೆಯೇ ಇತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಾಗ ಹಿಟ್ಟೆಲ್ಲ ಕೆನ್ನೆಗೆ ಮೆತ್ತಿಕೊಂಡಿತು.

"ತಡಿ" ಅಂದರು. "ಇದೊಂದ ಹಿಡಿ ಬೀಸಿಬಿಡ್ತೀನಿ."

ಬೀಸಿ ಮುಗಿಸಿದರು. ಎದ್ದು ಸೀದಾ ಅಡುಗೆಮನೆಗೆ ಹೋದರು. ಮಗನನ್ನು "ಸರಿ ಅತ್ತಾಗ" ಎಂದು ಒಲೆಯ ಮುಂದಿನಿಂದ ಎಬ್ಬಿಸಿದರು. ಹಿಟ್ಟಿಗೆ ಬಿಸಿನೀರು ಹಾಕಿ ನಾದಿದರು. ಪಟಪಟನೆ ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಗೆ ತಿರುಗಿ ಬಂತು. ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪುಂಡಿಪಲ್ಯ ಹಚ್ಚಿ, ತುತ್ತು ಮುರಿದು ಕೈ ಮುಂದೆ ಮಾಡಿದರು. ಬಾಯಿಯ ಹತ್ತಿರ ಬಂದ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ನಾನೇ ಮುಂದೆ ಬಾಗಿ ಬಾಯಿ ತೆರೆದೆ.

ಅಗಿದೆ, ನುಂಗಿದೆ. ತಾಟಿನ ರೊಟ್ಟಿ ಮುಗಿಯುವ ತನಕ ಅತ್ತೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಕೇಳಲೋ ಬೇಡವೋ ಎಂದು ಅವರ ತುಟಿ ಅಲ್ಲಾಡುತ್ತಿತ್ತು. ಅವರು ಕೇಳುವ ಮೊದಲೇ ನಾನು ತಾಟು ಮುಂದೆ ಸರಿಸಿದೆ.

"ಇನ್ನೊಂದು ಹಾಕ್ರಿ ಅತ್ತಿ" ಅಂದೆ.